ಪರದೆ ಬದಲಾಯಿಸಿದ್ದು, ಆಂಟಿಗಳು ಕಾಣೆಯಾದದ್ದು

ಗಂಟೆ ಎಷ್ಟಾಯಿತೆಂದು ತಿಳಿಯಬೇಕಾದಾಗ ನಾನು ಕೈಗಡಿಯಾರ ನೋಡುವವನಲ್ಲ. ಗೋಡೆ ಗಡಿಯಾರವನ್ನಂತೂ ನೋಡುವುದೇ ಇಲ್ಲ. ಏಕೆಂದರೆ ನಮ್ಮ ಮನೆಯ ಗೋಡೆ ಗಡಿಯಾರವನ್ನು ಬಸ್ಸು ತಪ್ಪಬಾರದೆಂಬ ಸದುದ್ದೇಶದಿಂದ ಹತ್ತು ನಿಮಿಷ ಮುಂದಿಟ್ಟು, ಆ ಹತ್ತು ನಿಮಿಷದ ಗುಟ್ಟು ಮನೆಯವರಿಗೆಲ್ಲ ಗೊತ್ತಿರುವುದರಿಂದ ಯಾರೂ ಅದನ್ನು ನಂಬದೆ, ಪಾಪ ಅದು ಈಗ ಕೇವಲ ಅಲಂಕಾರಕ್ಕಾಗಿ ಓಡುತ್ತಿದೆ. ನಾನು ನೋಡುವುದು ಗಣಕಯಂತ್ರದ ಪರದೆಯ ಬಲಗಡೆಯ ಕೆಳಮೂಲೆಯನ್ನು. ಅಲ್ಲಿ ಇರುವೆಯಷ್ಟು ಅಕ್ಷರಗಳಲ್ಲಿ ಸಮಯ ಕೂತಿರುತ್ತದೆ. ಪತ್ರಿಕೆ ಓದುತ್ತಿರಲಿ, ಇಸ್ಪೀಟು ಜೋಡಿಸುತ್ತಿರಲಿ, ಕಣ್ಣು ತಾನೇ ತಾನಾಗಿ ಅಲ್ಲಿಗೆ ಹೋಗಿ ಬರುತ್ತದೆ. ನಾನು ಕಳುಹಿಸಬೇಕಾಗಿಯೇ ಇಲ್ಲ. ಹೀಗೆ ಸುಖವಾಗಿದ್ದ ಕಣ್ಣು ಕಳೆದ ಶ್ರಾವಣದ ಒಂದು ಭಾನುವಾರ ಆ ಮೂಲೆಗೆ ಹೋಗಿ, ಅಲ್ಲಿ ಏನೂ ಇಲ್ಲದ್ದನ್ನು ಕಂಡು, ಬಾಗಿಲಿಗೆ ಬೀಗ ಹಾಕಿದ ಮನೆಗೆ ಬಂದ ನೆಂಟನ ಹಾಗೆ ಸುಮ್ಮನೆ ನಿಂತುಬಿಟ್ಟಿತು. ಗಡಿಯಾರವನ್ನು ತೆಗೆದು ಮೇಲೆ, ನಟ್ಟನಡುವೆ, ಹಣೆಗೆ ಕುಂಕುಮ ಇಟ್ಟಂತೆ ಇಟ್ಟಿದ್ದರು. ಇಟ್ಟವರು ಯಾರು ಎಂದು ಕೇಳಬೇಡಿ. ನಾನೇ.

ಇದನ್ನು ವಿವರಿಸಬೇಕಾದರೆ ನಮ್ಮ ಸಂಸಾರದ ಪರಿಚಯ ಸ್ವಲ್ಪ ಆಗಬೇಕು. ನಾನು ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಬಡಾವಣೆಗಳ ನಕ್ಷೆ ಬರೆದು ನಿವೃತ್ತನಾದವನು. ಯಾರದೋ ಹೊಲ, ಯಾರದೋ ತೋಪು ಕ್ರಾಸು, ಮೇನು, ಪಾರ್ಕುಗಳಾಗಿ ನನ್ನ ಮೇಜಿನ ಮೇಲೆ ಮೊದಲು ಹುಟ್ಟಿ, ಆಮೇಲೆ ಭೂಮಿಯ ಮೇಲೆ ಅವತರಿಸುತ್ತಿದ್ದವು ಎಂಬ ಸಣ್ಣ ಅಹಂಕಾರ ಈಗಲೂ ಇದೆ. ನನ್ನ ಹೆಂಡತಿ ಸುಮಂಗಲಾ ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತಾಳೆ. ಬೀದಿಗೆಲ್ಲ ಅವಳು ಟೈಲರ್ ಆಂಟಿ. ನಾನು ಟೈಲರ್ ಆಂಟಿ ಮನೆ ಅಂಕಲ್. ಮೂವತ್ತೊಂದು ವರ್ಷದ ಸರ್ಕಾರಿ ಸೇವೆ ಕೊನೆಗೆ ನನ್ನನ್ನು ತಂದು ನಿಲ್ಲಿಸಿದ್ದು ಈ ಷಷ್ಠೀ ವಿಭಕ್ತಿಯಲ್ಲಿ.

ಅವಳ ಖ್ಯಾತಿಗೆ ಒಂದು ಕಾರಣವಿದೆ. ಬೇರೆ ಟೈಲರುಗಳು ಪ್ರತಿ ಸಲವೂ ಅಳತೆ ಬ್ಲೌಸ್ ಕೇಳುತ್ತಾರೆ. ಹಳೆಯದೊಂದು ಬ್ಲೌಸನ್ನು ತಂದು ಕೊಟ್ಟು, ಅದು ಕಳೆದುಹೋಗದಿರಲಿ ಎಂದು ಹರಕೆ ಹೊತ್ತುಕೊಂಡು ಬರಬೇಕು. ಸುಮಂಗಲಾ ಒಮ್ಮೆ ಟೇಪು ಹಿಡಿದರೆ ಮುಗಿಯಿತು, ಎರಡನೆಯ ಸಲ ಕೇಳುವುದಿಲ್ಲ. ಗೇಟಿನಾಚೆಯಿಂದಲೇ ಬಟ್ಟೆಯ ಕವರು ಕೊಟ್ಟು, ಸ್ಕೂಟರಿನಿಂದ ಇಳಿಯದೆಯೇ ಹೋಗುವವರಿದ್ದಾರೆ. "ಟೈಲರ್ ಆಂಟಿ ಅಳತೆ ಬ್ಲೌಸ್ ಕೇಳಲ್ಲ" ಎಂಬುದು ನಮ್ಮ ನಾಲ್ಕು ಕ್ರಾಸುಗಳಲ್ಲಿ ಗಾದೆಯಂತೆ ಓಡಾಡುವ ಮಾತು. ಅವಳಿಗೆ ಬೋರ್ಡಿಲ್ಲ, ಜಾಹೀರಾತಿಲ್ಲ, ಇರುವುದು ಆ ಒಂದು ಮಾತು ಮಾತ್ರ.

ಆ ಅಳತೆಗಳೆಲ್ಲ ಮೊದಲು ಒಂದು ಉದ್ದನೆಯ ನೋಟ್‌ಪುಸ್ತಕದಲ್ಲಿದ್ದವು. ಎಣ್ಣೆ, ಸೀಮೆಸುಣ್ಣ, ಕಾಫಿಯ ವೃತ್ತಗಳಿಂದ ಕೂಡಿದ, ನೂಲು ಸುತ್ತಿಟ್ಟ ಆ ಪುಸ್ತಕವನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ನಿವೃತ್ತಿಯಾದ ಹೊಸತರಲ್ಲಿ ಗಂಡಸರಿಗೆ ಒಂದು ಬಗೆಯ ಸುಧಾರಣಾ ಜ್ವರ ಬರುತ್ತದೆ. ಕಚೇರಿಯನ್ನು ತಿದ್ದಲಾಗದೆ ಉಳಿದ ಚೈತನ್ಯವನ್ನೆಲ್ಲ ಮನೆಯ ಮೇಲೆ ಪ್ರಯೋಗಿಸುತ್ತಾರೆ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ನಾನು ಸುಮಂಗಲೆಯನ್ನು ಗಣಕಯಂತ್ರದ ಮುಂದೆ ಕೂರಿಸಿ, ಕನ್ನಡ ಟೈಪಿಂಗು ಕಲಿಸಿ, ಅಭ್ಯಾಸಕ್ಕೆಂದು ಮೊದಲೊಂದು ಫೈಲು ಮಾಡಿಸಿ, ಆಮೇಲೆ ಎರಡು ತಿಂಗಳು ಬೆನ್ನುಹತ್ತಿ ಪುಸ್ತಕದ ಅಳತೆಗಳನ್ನೆಲ್ಲ ಹತ್ತಿಸಿದೆ. ಕೊನೆಯ ಪುಟ ಮುಗಿದ ದಿನ ಆ ನೋಟ್‌ಪುಸ್ತಕವನ್ನು ಹಳೇ ಪೇಪರಿನವನ ತಕ್ಕಡಿಗೆ ನಾನೇ ಸ್ವಹಸ್ತದಿಂದ ಹಾಕಿದೆ. ಅವನು ಅದನ್ನು ತೂಗಲೂ ಇಲ್ಲ, ಸುಮ್ಮನೆ ಚೀಲಕ್ಕೆ ಎಸೆದ.

ಯಂತ್ರದ ವಿಷಯಕ್ಕೆ ಬರೋಣ. ಅದು ಹಳೆಯದು. ಕಂಪನಿಯವರು ಇನ್ನು ನಿಮ್ಮ ಯಂತ್ರಕ್ಕೆ ನಾವು ಜವಾಬ್ದಾರರಲ್ಲ ಎಂದು ಕೈಚೆಲ್ಲಿದಾಗ, ನನ್ನ ಕಚೇರಿಯ ಗೆಳೆಯ ನಾಗರಾಜ ಬಂದು ಅದಕ್ಕೆ ಲಿನಕ್ಸ್ ಎಂಬ ಬೇರೊಂದು ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟ. ಉಚಿತ, ವೈರಸ್ಸಿಲ್ಲ, ಹಳೇ ಯಂತ್ರವೂ ಹುಡುಗನ ಹಾಗೆ ಓಡುತ್ತದೆ ಎಂದ, ಓಡಿತು ಕೂಡ. ಆದರೆ ಲಿನಕ್ಸಿನಲ್ಲಿ ಒಂದು ಅಪಾಯವಿದೆ, ಅದರ ಹೆಸರು ಸ್ವಾತಂತ್ರ್ಯ. ಬೇರೆ ಯಂತ್ರಗಳಲ್ಲಿ ಪರದೆ ಹೇಗಿರಬೇಕೆಂದು ಕಂಪನಿ ತೀರ್ಮಾನಿಸುತ್ತದೆ, ನಾವು ಬೈದುಕೊಂಡು ಬಳಸುತ್ತೇವೆ. ಇಲ್ಲಿ ನಮಗೆ ಬೇಕಾದ ಡೆಸ್ಕ್‌ಟಾಪ್ ಎನ್ವಿರಾನ್ಮೆಂಟನ್ನು ನಾವೇ ಆರಿಸಿಕೊಳ್ಳಬಹುದು. ಹಾಗೆಂದರೇನು ಎಂದರೆ, ಮನೆ ಅದೇ, ಪಾಯ ಅದೇ, ನಲ್ಲಿಯ ನೀರೂ ಕರೆಂಟಿನ ಮೀಟರೂ ಅದೇ. ಆದರೆ ಬಾಗಿಲು, ಕಿಟಕಿ, ಸ್ವಿಚ್ಚು, ದೇವರಮನೆ, ಪೊರಕೆ ಇವೆಲ್ಲ ಇರುವ ಜಾಗ ಮಾತ್ರ ಬೇರೆ. ಇಂಥ ಹತ್ತಾರು ಮಾದರಿಗಳಿವೆ. ಹೆಸರು ಹೇಳುವುದಿಲ್ಲ, ಹೇಳಿದರೆ ಒಂದೊಂದರ ಭಕ್ತರೂ ಜಗಳಕ್ಕೆ ಬರುತ್ತಾರೆ, ಅವರ ದ್ವೈತಾದ್ವೈತಗಳನ್ನು ತೀರ್ಮಾನಿಸುವ ಶಕ್ತಿ ನನಗಿಲ್ಲ.

ನಮ್ಮಲ್ಲಿದ್ದದ್ದು ಹಳೆಯ ಕಾಲದ, ಸಾಧು ಸ್ವಭಾವದ ಮಾದರಿ. ಕೆಳಗೊಂದು ಪಟ್ಟಿ, ಬಲಮೂಲೆಯಲ್ಲಿ ಗಡಿಯಾರ, ಮಿಕ್ಕ ಪರದೆಯ ತುಂಬ ಸುಮಂಗಲೆಯ ಫೈಲುಗಳ ಐಕಾನುಗಳು. ಅವಳಿಗೆ ಫೋಲ್ಡರೆಂದರೆ ಅಪನಂಬಿಕೆ. ಒಳಗೆ ಹಾಕಿದ್ದು ಕಣ್ಣಿಗೆ ಕಾಣುವುದಿಲ್ಲವಲ್ಲ ಎನ್ನುತ್ತಾಳೆ. ಹಾಗಾಗಿ ಮೂವತ್ತೆಂಟು ಫೈಲುಗಳೂ ಪರದೆಯ ಮೇಲೆಯೇ ಇದ್ದವು. ಇದ್ದವು ಎಂದರೆ ಹೇಗೆ? ನಾಲ್ಕು ಒಂದು ಕಡೆ, ಆರು ಇನ್ನೊಂದು ಕಡೆ, ನಡುವೆ ದೊಡ್ಡ ಬಯಲು, ಅಲ್ಲೊಂದು ಇಲ್ಲೊಂದು ಒಂಟಿ. ಗೆರೆ ಎಳೆದು ಬದುಕಿದ ನನ್ನಂಥವನಿಗೆ ಅದನ್ನು ನೋಡುವುದೇ ಹಿಂಸೆ. ಒಮ್ಮೆ ಮೇಲಿನ ಎಡಮೂಲೆಯಲ್ಲಿ ತಬ್ಬಲಿಯಂತೆ ಬಿದ್ದಿದ್ದ ಒಂದನ್ನು ಕರುಣೆಯಿಂದ ಎಳೆತಂದು ಮಿಕ್ಕವುಗಳ ಸಾಲಿಗೆ ಸೇರಿಸಿದ್ದೆ. ಮರುದಿನ ನೋಡಿದರೆ ಅದು ಮತ್ತೆ ಅಲ್ಲೇ ಇತ್ತು. ಹೆಂಗಸರಿಗೆ ಶಿಸ್ತು ಕಲಿಸಲಾಗದು ಎಂದು ಗೊಣಗಿ ಸುಮ್ಮನಾದೆ. ಈ ವಾಕ್ಯವನ್ನು ಬರೆಯುವಾಗ ಈಗ ನನ್ನ ಕಿವಿ ಕೆಂಪಾಗುತ್ತಿದೆ.

ಆ ಭಾನುವಾರ ಬೆಳಿಗ್ಗೆ ಸುಮಂಗಲಾ ಲೈನಿಂಗು, ಹುಕ್ಸು, ದಾರ ತರಲು ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿದ್ದಳು. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಹಬ್ಬದ ಹಿಂದಿನ ವಾರ ಬ್ಲೌಸು ಹೊಲಿಯುವವರ ಮನೆ ಹೇಗಿರುತ್ತದೆಂದು ಬಲ್ಲವರೇ ಬಲ್ಲರು: ಸೋಫಾದ ಮೇಲೆ ರೇಷ್ಮೆ, ಕುರ್ಚಿಯ ಮೇಲೆ ರೇಷ್ಮೆ, ಗಂಡ ಮೂಲೆಯಲ್ಲಿ. ಹದಿನೇಳು ಬ್ಲೌಸುಗಳು ಕತ್ತರಿಗೆ ಕಾಯುತ್ತಿದ್ದವು. ನಾನು ಒಂದು ವಿಡಿಯೋ ನೋಡುತ್ತಿದ್ದೆ. ಅದರಲ್ಲಿ ಗಡ್ಡದ ಯುವಕನೊಬ್ಬ, ತುಂಬಿದ ಪರದೆ ತುಂಬಿದ ಮನಸ್ಸಿನ ಲಕ್ಷಣ, ಹೊಸ ಡೆಸ್ಕ್‌ಟಾಪಿನಲ್ಲಿ ಪರದೆಯ ಮೇಲೆ ಏನೂ ಇರುವುದಿಲ್ಲ, ಅಪರಿಗ್ರಹವೇ ಸೌಂದರ್ಯ ಎಂಬರ್ಥದ ಮಾತುಗಳನ್ನಾಡುತ್ತಿದ್ದ. ನನಗೆ ಥಟ್ಟನೆ ವೈರಾಗ್ಯ ಬಂತು. ವೈರಾಗ್ಯ ಬಂದವನು ಹಿಮಾಲಯಕ್ಕಾದರೂ ಹೋಗಬಹುದಿತ್ತು.

ಅವನು ಹೇಳಿದ ಸಾಲನ್ನು, ಯಂತ್ರಕ್ಕೆ ಆಜ್ಞೆ ಕೊಡುವ ಕಪ್ಪು ಕಿಟಕಿಯಲ್ಲಿ ಟೈಪು ಮಾಡಿದೆ. ಪಾಸ್‌ವರ್ಡ್ ಕೇಳಿತು. ಕೊಟ್ಟೆ. ಕರಿಯ ಪರದೆಯ ಮೇಲೆ ಬಿಳಿ ಅಕ್ಷರಗಳು ಧೋ ಎಂದು ಸುರಿಯತೊಡಗಿದಾಗ ನನಗಾದ ಆನಂದವನ್ನು ಏನು ಹೇಳಲಿ! ಕಚೇರಿಯಲ್ಲಿ ನಾನು ಸಹಿ ಹಾಕಿದ ಯಾವ ಕಡತವೂ ಇಷ್ಟು ಬೇಗ ಮುಂದೆ ಹೋದದ್ದಿಲ್ಲ. ಮುಗಿದ ಮೇಲೆ ಲಾಗ್ ಔಟ್ ಮಾಡಿ ಹೊರಗೆ ಹೋಗಿ ಹೊಸ ಬಾಗಿಲಿನಿಂದ ಒಳಗೆ ಬಂದೆ. ಆಹಾ! ಒಂದು ಕೆರೆ, ಅದರಾಚೆ ಬೆಟ್ಟ, ನಿರ್ಮಲ, ನಿಷ್ಕಲ್ಮಷ. ಒಂದು ಐಕಾನಿಲ್ಲ. ಬಲಮೂಲೆಯಲ್ಲಿ ಗಡಿಯಾರವೂ ಇಲ್ಲವೆಂಬುದು ಆಗಲೇ ಗೊತ್ತಾದದ್ದು, ಆದರೆ ಸನ್ಯಾಸಿಗೆ ಸಮಯವೇಕೆ ಎಂದು ಸಮಾಧಾನ ಮಾಡಿಕೊಂಡೆ. ಅಷ್ಟಕ್ಕೇ ನಿಂತಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಗಡ್ಡದ ಯುವಕ ಕೊನೆಯಲ್ಲಿ, ಹಳೆಯದನ್ನು ಅದರ ಸೆಟ್ಟಿಂಗುಗಳ ಸಮೇತ ಅಳಿಸಿಹಾಕಿದರೆ ಯಂತ್ರ ಇನ್ನೂ ಹಗುರವಾಗುತ್ತದೆ ಎಂದ. ಅಳಿಸಲೇ ಎಂದು ಯಂತ್ರ ಕೇಳಿತು. ಹೌದು ಎಂದೆ. ನಿಜವಾಗಿಯೂ ಅಳಿಸಲೇ ಎಂದು ಇನ್ನೊಮ್ಮೆ ಕೇಳಿತು. ಜಗತ್ತಿನಲ್ಲಿ ನನ್ನನ್ನು ಯಾರೂ ಎರಡೆರಡು ಸಲ ಹೀಗೆ ವಿನಯದಿಂದ ಕೇಳಿದ್ದಿಲ್ಲ. ಹೌದಪ್ಪಾ ಹೌದು ಎಂದೆ.

ಹನ್ನೆರಡೂವರೆಗೆ ಸುಮಂಗಲಾ ಬಂದಳು. ಚೀಲ ಕೆಳಗಿಟ್ಟು, ನೀರು ಕುಡಿದು, ಮೊದಲ ಬ್ಲೌಸಿನ ಬಟ್ಟೆ ಹರವಿಕೊಂಡು, ಅಳತೆ ನೋಡಲು ಯಂತ್ರದ ಮುಂದೆ ಬಂದು ನಿಂತಳು. ಕೆರೆಯನ್ನೂ ಬೆಟ್ಟವನ್ನೂ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ರೀ, ನನ್ನ ಆಂಟಿಗಳೆಲ್ಲ ಎಲ್ಲಿ ಹೋದ್ರು?"

"ಎಲ್ಲೂ ಹೋಗಿಲ್ಲ ಕಣೆ, ಎಲ್ಲಾ ಒಳಗೇ ಇದಾರೆ" ಎಂದು ನಾನು ಮಾಂತ್ರಿಕನ ಠೀವಿಯಿಂದ ಫೋಲ್ಡರು ತೆರೆದು ತೋರಿಸಿದೆ. ಮೂವತ್ತೆಂಟೂ ಇದ್ದವು, ಕೂದಲೂ ಕೊಂಕಿರಲಿಲ್ಲ. ಆಂಟಿ, ಆಂಟಿ 1, ಆಂಟಿ 2, ಆಂಟಿ 3, ಹೀಗೆ ಆಂಟಿ 37ರವರೆಗೆ.

"ಇದ್ರಲ್ಲಿ ಕೆಂಪು ಗೇಟಿನ ಆಂಟಿ ಯಾವ್ದು?" ಎಂದಳು ಸುಮಂಗಲಾ.

ನಾನು ಮೊದಲ ಬಾರಿಗೆ ಆ ಹೆಸರುಗಳನ್ನು ಹೆಸರುಗಳಾಗಿ ಓದಿದೆ. ಶಿವನೇ! ಒಂದು ಫೈಲನ್ನು ತೆರೆದೆ. ಒಳಗೆ ಭುಜ, ಎದೆ, ತೋಳು, ಕುತ್ತಿಗೆಯ ಆಳ ಎಂದು ಬರೀ ಅಂಕಿಗಳು. ಎರಡನೆಯದನ್ನು ತೆರೆದೆ. ಅಲ್ಲೂ ಅದೇ. ಯಾರದು ಎಂಬುದು ಎಲ್ಲೂ ಇಲ್ಲ. "ಅಲ್ವೇ, ಹೆಸರು ಹಾಕೋದಲ್ವಾ?" ಎಂದೆ. "ಏನಂತ ಹಾಕ್ಲಿ? ಅವ್ರ ಹೆಸ್ರು ನಂಗೇನ್ ಗೊತ್ತು?" ಎಂದಳು.

ಇಲ್ಲಿ ನಾನು ಸುಮಂಗಲೆಯ ಪರ ವಕಾಲತ್ತು ವಹಿಸಲೇಬೇಕು. ಓದುಗರೇ, ನಿಮ್ಮ ಬೀದಿಯ ಎಷ್ಟು ಮಂದಿ ಆಂಟಿಯರ ಹೆಸರು ನಿಮಗೆ ಗೊತ್ತು? ನಮ್ಮ ಕಡೆ ಹೆಂಗಸರ ಹೆಸರು ಕೇಳುವುದು ಏನೋ ಅಧಿಕಪ್ರಸಂಗ ಮಾಡಿದಂತೆ. ಇಪ್ಪತ್ತು ವರ್ಷ ಅರಿಶಿನ ಕುಂಕುಮಕ್ಕೆ ಹೋಗಿಬಂದಿರುತ್ತಾರೆ, ಆಸ್ಪತ್ರೆಗೆ ಫ್ಲಾಸ್ಕಿನಲ್ಲಿ ಗಂಜಿ ಒಯ್ದಿರುತ್ತಾರೆ, ಆದರೆ ಅವರು ಮಾತ್ರ ಮೂಲೆಮನೆ ಆಂಟಿ, ನಾಯಿ ಆಂಟಿ, ಟೀಚರ್ ಆಂಟಿ. ಕೊರಿಯರಿನವನೊಮ್ಮೆ ಯಾರೋ ಪದ್ಮಾವತಿಯವರ ಪಾರ್ಸೆಲ್ ಹಿಡಿದು ಇಡೀ ಬೀದಿ ಅಲೆದ. ಆ ಹೆಸರಿನವರು ಇಲ್ಲಿಲ್ಲ ಎಂದು ಅವನನ್ನು ಸಾಗಹಾಕಿದವರಲ್ಲಿ ಪದ್ಮಾವತಿಯವರ ಪಕ್ಕದ ಮನೆಯವರೂ ಇದ್ದರು. ಹೆಸರೇ ಗೊತ್ತಿಲ್ಲದವರ ಫೈಲಿಗೆ ಹೆಸರಿಡು ಎಂದರೆ ಸುಮಂಗಲಾ ತಾನೇ ಏನು ಮಾಡಿಯಾಳು? ಆಂಟಿ ಎಂದಿಟ್ಟಳು. ಆ ಹೆಸರು ಆಗಲೇ ಇದೆ ಎಂದು ಯಂತ್ರ ತಕರಾರು ತೆಗೆದಾಗ ಒಂದು, ಎರಡು ಎಂದು ಸೇರಿಸಿದಳು. ಅದರಿಂದ ಅವಳಿಗೇನೂ ತೊಂದರೆಯಾಗಿರಲಿಲ್ಲ. ಅವಳು ಫೈಲನ್ನು ಗುರುತಿಸುತ್ತಿದ್ದದ್ದು ಹೆಸರಿನಿಂದಲ್ಲ, ಅದು ಪರದೆಯ ಮೇಲೆ ಇರುತ್ತಿದ್ದ ಜಾಗದಿಂದ.

ನನ್ನ ಅಮ್ಮನ ಅಡುಗೆಮನೆಯೂ ಹೀಗೆಯೇ ಇತ್ತು. ಕಾಫಿಪುಡಿ ಎಂದು ಬರೆದ ಡಬ್ಬಿಯಲ್ಲಿ ಮೆಂತ್ಯ, ಬಿಸ್ಕತ್ತಿನ ಡಬ್ಬಿಯಲ್ಲಿ ಹುಣಸೆಹಣ್ಣು, ಮಕ್ಕಳ ಪೌಷ್ಟಿಕ ಪೇಯದ ಡಬ್ಬಿಯಲ್ಲಿ ಒಣಮೆಣಸಿನಕಾಯಿ. ಆದರೆ ಕರೆಂಟು ಹೋದರೂ ಅಮ್ಮನ ಕೈ ತಪ್ಪುತ್ತಿರಲಿಲ್ಲ. ಒಂದು ಬೇಸಿಗೆ ರಜೆಯಲ್ಲಿ ನಾನು ಉಪಕಾರ ಮಾಡಲು ಹೋಗಿ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ಜೋಡಿಸಿದ್ದೆ. ಅಂದು ರಾತ್ರಿ ನಾವು ಉಂಡ ಸಾರಿನ ವರ್ಣನೆ ಬೇಡ. ಆಗ ನನಗೆ ಹನ್ನೊಂದು ವರ್ಷ. ಈಗ ಅರವತ್ತೆರಡು. ಕಲಿತದ್ದು ಇಷ್ಟೇ!

ಹಳೆಯ ಪರದೆಯನ್ನೇ ಮತ್ತೆ ಹಾಕಿದರಾಯಿತು ಎಂದು ಧೈರ್ಯ ಹೇಳಿ, ಮತ್ತೆ ಕಪ್ಪು ಕಿಟಕಿ, ಮತ್ತೆ ಪಾಸ್‌ವರ್ಡ್. ಬಂತು. ಕೆಳಗಿನ ಪಟ್ಟಿ ಬಂತು, ಗಡಿಯಾರ ತನ್ನ ಮೂಲೆಗೆ ಬಂತು, ಐಕಾನುಗಳೂ ಬಂದವು. ಆದರೆ ಹೇಗೆ ಬಂದವು? ಎಡಗಡೆಯಿಂದ ಒಂದರ ಕೆಳಗೊಂದು, ರೇಷನ್ ಅಂಗಡಿಯ ಸಾಲಿನಂತೆ, ಒಂದು, ಎರಡು, ಮೂರು ಎಂದು ನೆಟ್ಟಗೆ ನಿಂತವು. ಎರಡು ವರ್ಷದಿಂದ ನಾನು ಹಂಬಲಿಸಿದ ಶಿಸ್ತು ಕಣ್ಣೆದುರಿಗೇ ಇತ್ತು, ನೋಡಲಾಗಲಿಲ್ಲ. ನಾಗರಾಜನಿಗೆ ಫೋನು ಮಾಡಿದೆ. "ಐಕಾನು ಎಲ್ಲೆಲ್ಲಿದ್ವು ಅನ್ನೋದು ಹಳೇ ಸೆಟ್ಟಿಂಗ್ಸಲ್ಲಿ ಇರುತ್ತೆ ಗುರು, ಅದಿದ್ರೆ ಸಾಕು" ಎಂದ. ಅದನ್ನು ಅಳಿಸಿದೆ ಎಂದೆ. "ಬ್ಯಾಕಪ್ಪು?" ಎಂದ. ಅದೂ ಇಲ್ಲ ಎಂದೆ. "ಸಖತ್ ಕೆಲ್ಸ ಮಾಡಿದ್ಯಲ್ಲೋ" ಎಂದು ಫೋನಿಟ್ಟ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಸುಮಂಗಲಾ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಒಳ್ಳೆಯದಿತ್ತು. ನಾನೂ ಒಂದೆರಡು ಮಾತಾಡಿ ಹಗುರಾಗುತ್ತಿದ್ದೆ. ಅವಳು ಕುರ್ಚಿಯ ಮೇಲಿನ ರೇಷ್ಮೆಯನ್ನು ಮಡಿಲಿಗೆ ತೆಗೆದುಕೊಂಡು ಕೂತಳು. "ಎಲ್ರಿಗೂ ಫೋನ್ ಮಾಡಿ ಅಳತೆ ಬ್ಲೌಸ್ ತರಿಸಿದ್ರಾಯ್ತು, ಅದಕ್ಕೇನಂತೆ" ಎಂದು ನಾನು ಬಾಯಿ ತಪ್ಪಿ ಅಂದೆ.

"ಹಬ್ಬ ನಾಲ್ಕು ದಿನ ಇಟ್ಕೊಂಡು, ನಿಮ್ಮ ಅಳತೆ ಕಳ್ದೋಯ್ತು ಅಂತ ನಾನು ಬೀದಿಗೆಲ್ಲ ಹೇಳ್ಲಾ?" ಎಂದಳು. "ಹೊಲಿಯೋರು ಹತ್ತು ಜನ ಸಿಕ್ತಾರೆ ಕಣ್ರೀ ಇಲ್ಲಿ. ನನ್ ಹತ್ರ ಯಾಕ್ ಬರ್ತಾರೆ ಗೊತ್ತಾ ನಿಮ್ಗೆ?" ಅವಳ ಕಣ್ಣು ತುಂಬಿತ್ತು. ನನಗೆ ಗಡ್ಡದ ಯುವಕನ ಮೇಲೆ ಅಸಾಧ್ಯ ಸಿಟ್ಟು ಬಂತು. ನನ್ನ ಮೇಲೆ ಬರಬೇಕಾದದ್ದು ಸ್ವಲ್ಪ ದಾರಿತಪ್ಪಿ ಅವನ ಮೇಲೆ ಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದು ಪರದೆಯ ಹತ್ತಿರ ಬಂದಳು. ಖಾಲಿಯಿದ್ದ ನಡುಭಾಗದ ಮೇಲೆ ಬೆರಳಿಟ್ಟು, ತನ್ನಷ್ಟಕ್ಕೆ ತಾನೇ ಎಂಬಂತೆ ಹೇಳಿದಳು.

"ಇಲ್ಲಿ ಪಾರ್ಕಿತ್ತು."

"ಪಾರ್ಕಾ?"

"ಹೂಂ, ಪಾರ್ಕು. ಇದರ ಪಕ್ಕ ನಾಲ್ಕು ಮನೆ. ಇದು ಮೇನ್ ರೋಡು. ಇಲ್ಲಿ ನೀರಿನ ಟ್ಯಾಂಕು, ಇದರಾಚೆ ಟೀಚರ್ ಆಂಟಿ. ಮೇಲ್ಗಡೆ ಆ ಮೂಲೇಲಿ ಚಿಕ್ಕಲಸಂದ್ರ. ಅಲ್ಲಿಂದ ಒಬ್ರೇ ಬರೋದು, ಬಸ್ಸಲ್ಲಿ. ಅವ್ರನ್ನ ನೀವು ಒಂದ್ಸಲ ಎಳ್ಕೊಂಡ್ ಬಂದು ಮೂಲೆಮನೆಯವ್ರ ಜೊತೆ ಕೂರಿಸಿದ್ರಿ."

ಎರಡು ವರ್ಷ ನಾನು ದಿನಾ ನೋಡಿ ಮೂಗು ಮುರಿದ ಆ ಅಸ್ತವ್ಯಸ್ತ ಒಂದು ನಕ್ಷೆ! ನಮ್ಮ ಬಡಾವಣೆಯ ನಕ್ಷೆ. ಬಯಲುಗಳೆಲ್ಲ ಪಾರ್ಕು, ಆಟದ ಮೈದಾನ, ಇನ್ನೂ ಮನೆಯೇಳದ ಸೈಟುಗಳು. ಖಾಲಿ ಓಣಿಗಳೆಲ್ಲ ಕ್ರಾಸುಗಳು. ಮೂವತ್ತೊಂದು ವರ್ಷ ನಕ್ಷೆ ಬರೆದೇ ಅನ್ನ ತಿಂದವನಿಗೆ ತನ್ನ ಮನೆಯೊಳಗಿದ್ದ ನಕ್ಷೆ ಕಾಣಿಸಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ. ಆದರೂ ಹುಟ್ಟುಗುಣ ಬಿಡಬೇಕಲ್ಲ, "ಉತ್ತರ ಯಾವ ಕಡೆ ಇಟ್ಕೊಂಡಿದ್ದೆ?" ಎಂದು ಕೇಳಿಯೇ ಬಿಟ್ಟೆ. "ಉತ್ತರ ಕಟ್ಕೊಂಡು ನಾನೇನ್ ಮಾಡ್ಲಿ? ನಮ್ಮನೆ ಗೇಟಿಂದ ಹೊರಟ್ರೆ ಎದುರಿಗೆ ಏನ್ ಕಾಣುತ್ತೋ ಅದು ಮೇಲೆ" ಎಂದಳು. ಯೋಚಿಸಿದರೆ ಅದಕ್ಕಿಂತ ಸರಿಯಾದ ದಿಕ್ಕು ಯಾವುದಿದೆ? ಕಚೇರಿಯಲ್ಲಿ ನಾವು ಬರೆದ ನಕ್ಷೆ ಹಿಡಿದು ಅಂಚೆಯವನಿಗೂ ಮನೆ ಸಿಗುತ್ತಿರಲಿಲ್ಲ.

ಅಟ್ಟದಿಂದ ನನ್ನ ಹಳೆಯ ಡ್ರಾಯಿಂಗ್ ಬೋರ್ಡು ಇಳಿಸಿದೆ, ಒಂದು ದೊಡ್ಡ ಹಾಳೆ ಹಚ್ಚಿದೆ. ಕೆಳಗಡೆ ನಡುವೆ ನಮ್ಮ ಮನೆ, ಎದುರಿಗೆ ರಸ್ತೆ, ಮೇಲೆ ಪಾರ್ಕು. ಅವಳು ಹೇಳಿದಂತೆ ಗೆರೆ ಎಳೆದೆ. ನನ್ನ ವೃತ್ತಿಜೀವನದಲ್ಲಿ ಉತ್ತರದಿಕ್ಕಿನ ಬಾಣವಿಲ್ಲದ ಮೊದಲ ನಕ್ಷೆ ಅದು. ಮನೆಗಳೇನೋ ಸಿದ್ಧವಾದವು, ಆದರೆ ಯಾವ ಮನೆಗೆ ಯಾವ ಫೈಲು? ಅಲ್ಲೇ ನಾನು ಕೈಚೆಲ್ಲಿದ್ದು. ಸುಮಂಗಲಾ ಚೆಲ್ಲಲಿಲ್ಲ. ಒಂದು ಫೈಲು ತೆರೆದು ಅಂಕಿಗಳನ್ನು ದಿಟ್ಟಿಸಿದಳು, ಅಂಗೈ ಅಗಲಿಸಿ ಗಾಳಿಯಲ್ಲೊಂದು ಭುಜವನ್ನು ಸವರಿದಂತೆ ಮಾಡಿದಳು. "ಬಲಭುಜ ಕಾಲಿಂಚು ಇಳಿದಿದೆ. ಟೀಚರ್ ಆಂಟಿ. ಬೋರ್ಡ್ ಮೇಲೆ ಬರೆದೂ ಬರೆದೂ ಹಂಗಾಗಿದೆ. ಬರ್ಕೊಳ್ಳಿ, ಟ್ಯಾಂಕಿನಾಚೆ." ನಾನು ಬರೆದುಕೊಂಡೆ. ತೋಳು ಮೊಳಕೈ ದಾಟಿ ಬಂದರೆ ಸುಟ್ಟ ಕಲೆ ಮುಚ್ಚಿಕೊಳ್ಳುವ ಮೂಲೆಮನೆಯವರು. ಕುತ್ತಿಗೆಯ ಆಳ ಒಂಬತ್ತಿದ್ದರೆ ಬ್ಯಾಂಕಿಗೆ ಹೋಗುವವರು. ಅದನ್ನೇ ಆರಕ್ಕೆ ಇಳಿಸಿ ಬರೆದಿದ್ದರೆ ಅತ್ತೆ ಊರಿಂದ ಬಂದಿದ್ದಾಗ ಹೊಲಿಸಿದ್ದು. ಎರಡು ಫೈಲುಗಳ ಅಂಕಿಗಳು ಅಚ್ಚೊತ್ತಿದಂತೆ ಒಂದೇ ಆಗಿದ್ದವು. ನಾನು ಗಾಬರಿಯಾದೆ. "ಒಂದೇ ಮನೆ ವಾರಗಿತ್ತಿಯರು, ಕೆಂಪು ಗೇಟು. ಅಳತೆ ಒಂದೇ, ಮಾತು ಮಾತ್ರ ಇಲ್ಲ. ಯಾವ್ದಾದ್ರೂ ನಡೆಯುತ್ತೆ" ಎಂದಳು.

ಹೀಗೆ ಭಾನುವಾರ ಮಧ್ಯಾಹ್ನ, ಸೋಮವಾರ ಬೆಳಿಗ್ಗೆ ಕೂತು ಕೆಲಸ ಮಾಡಿದೆವು. ಅಷ್ಟು ವರ್ಷ ಒಂದೇ ಬೀದಿಯಲ್ಲಿದ್ದರೂ ನನಗೆ ಗೊತ್ತಿಲ್ಲದ್ದೆಲ್ಲ ಆ ಅಂಕಿಗಳಿಂದ ಗೊತ್ತಾಯಿತು. ಯಾರು ಕಾಯಿಲೆಯಲ್ಲಿ ಇಳಿದುಹೋದರು, ಯಾರು ಮಗ ಪಾಸಾದ ಮೇಲೆ ತುಂಬಿಕೊಂಡರು, ಯಾರಿಗೆ ಒಂದು ಕಡೆಯ ಶಸ್ತ್ರಚಿಕಿತ್ಸೆಯಾಗಿ ಅದು ಹೊರಗೆ ತಿಳಿಯದಂತೆ ಹೊಲಿಯಬೇಕು. ಆ ಫೈಲು ಬಂದಾಗ ಸುಮಂಗಲಾ ನನಗೆ ಮನೆ ಯಾವುದೆಂದು ಹೇಳಲಿಲ್ಲ; ನಕ್ಷೆಯ ಮೇಲೆ ತಾನೇ ಒಂದು ಚುಕ್ಕೆ ಇಟ್ಟು ಮುಂದಿನದನ್ನು ತೆರೆದಳು. ಹಬ್ಬದ ಹದಿನೇಳು ಬ್ಲೌಸುಗಳ ಅಳತೆ ಸಿಕ್ಕಿತು. ಒಬ್ಬರಿಗೂ ಫೋನು ಮಾಡಲಿಲ್ಲ. ಮೂವತ್ತೇಳು ಫೈಲುಗಳು ಪರದೆಯ ಮೇಲೆ ಮತ್ತೆ ತಂತಮ್ಮ ಮನೆ ಸೇರಿ, ಕೊನೆಗೆ ಒಂದು ಉಳಿಯಿತು. ಎಲ್ಲಕ್ಕಿಂತ ಮೊದಲಿನದು. ಸಂಖ್ಯೆಯೂ ಇಲ್ಲದ್ದು. ಬರೀ ಆಂಟಿ.

ಎರಡು ವರ್ಷದಿಂದ ಅದನ್ನು ಯಾರೂ ತೆರೆದೇ ಇರಲಿಲ್ಲ. ನಾನು ಅಂಕಿಗಳನ್ನು ಗಟ್ಟಿಯಾಗಿ ಓದಿದೆ. ಎರಡು ದಿನದ ಅನುಭವದಿಂದ ನನಗೂ ಸ್ವಲ್ಪ ವಿದ್ಯೆ ಬಂದಿತ್ತು. "ಎಡಭುಜ ಮುಂದಕ್ಕೆ ಬಾಗಿದೆ, ಬೆನ್ನು ಸ್ವಲ್ಪ ಗೂನು. ಬಗ್ಗಿ ಕೆಲಸ ಮಾಡೋರು ಯಾರೋ. ಪಾಪ, ಯಾರಿದು?" ಎಂದೆ.

ಸುಮಂಗಲಾ ಕತ್ತರಿ ಹಾಕುತ್ತಿದ್ದವಳು ತಲೆ ಎತ್ತಲಿಲ್ಲ.

"ನಂದೇ ಕಣ್ರೀ" ಎಂದಳು. "ನೀವೇ ಅಲ್ವಾ ಅಭ್ಯಾಸಕ್ಕೆ ಅಂತ ಮಾಡಿಸಿದ್ದು."

ಮೂವತ್ತನಾಲ್ಕು ವರ್ಷದ ಸಂಸಾರ. ಬೀದಿಯ ಮೂವತ್ತೇಳು ಹೆಂಗಸರನ್ನು ಅವಳು ಬರೀ ಅಂಕಿಯಿಂದ ಗುರುತಿಸಿದಳು, ನನಗೆ ಒಬ್ಬಳನ್ನು ಗುರುತಿಸಲಾಗಲಿಲ್ಲ. ನಾಚಿಕೆಯಾಯಿತು, ಹೇಳಲಿಕ್ಕೇನು. ಆ ಐಕಾನನ್ನು ಎಳೆದು ಪರದೆಯ ಕೆಳಗಡೆ, ನಡುವೆ, ನಮ್ಮ ಮನೆಯ ಜಾಗದಲ್ಲಿಟ್ಟೆ. ಇಷ್ಟಾದರೂ ಸುಧಾರಣಾ ಜ್ವರ ಇಳಿದಿರಲಿಲ್ಲವೆಂದು ಕಾಣುತ್ತದೆ. ಇದಕ್ಕಾದರೂ ಹೆಸರು ಗೊತ್ತಲ್ಲ ಎಂದು ಆಂಟಿಯನ್ನು ಅಳಿಸಿ ಸುಮಂಗಲಾ ಎಂದು ಬರೆದೆ. "ಮತ್ತೆ ಮುಟ್ಟಿದ್ರಾ? ಕೈ ತೆಗೀರಿ ಅಲ್ಲಿಂದ!" ಎಂದು ಅವಳು ಕತ್ತರಿ ಸಮೇತ ಎದ್ದಳು. ಜಾಗ ಬದಲಾಗಿಲ್ಲ ಎಂದು ತೋರಿಸಿ ಪ್ರಾಣ ಉಳಿಸಿಕೊಂಡೆ.

ಗುರುವಾರ ಸಂಜೆಯ ಹೊತ್ತಿಗೆ ಹದಿನೇಳೂ ಮನೆ ಸೇರಿದವು. ಶುಕ್ರವಾರ ಬೆಳಿಗ್ಗೆ ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಹೊಸ ಬ್ಲೌಸಿನಲ್ಲಿ ಬಂದರು; ಕೆಂಪು ಗೇಟಿನ ಇಬ್ಬರೂ ಬಂದರು, ಬೇರೆಬೇರೆಯಾಗಿ. ತಾಂಬೂಲ ಕೊಡುತ್ತಿದ್ದ ಸುಮಂಗಲೆಯ ಬ್ಲೌಸು ಹಳೆಯದು, ತೋಳಿನ ಅಂಚು ಸವೆದಿತ್ತು. ಸವೆದದ್ದು ಈ ಹಬ್ಬದಲ್ಲಲ್ಲ. ನಾನು ಕಂಡದ್ದು ಈ ಹಬ್ಬದಲ್ಲಿ.

ಶನಿವಾರ ಬಸ್ಸು ಹತ್ತಿ ಜಯನಗರಕ್ಕೆ ಹೋಗಿ, ಅರ್ಧ ಗಂಟೆ ಬೆವರಿ, ಹಸಿರು ರೇಷ್ಮೆಯ ಬ್ಲೌಸ್ ಪೀಸೊಂದನ್ನು ತಂದು, ಗೌರಿ ಹಬ್ಬಕ್ಕೆಂದು ಆಗಲೇ ಬೆಳೆಯುತ್ತಿದ್ದ ಬಟ್ಟೆಗಳ ರಾಶಿಯ ಮೇಲಿಟ್ಟು, ಏನೂ ಗೊತ್ತಿಲ್ಲದವನಂತೆ ಪತ್ರಿಕೆ ಹಿಡಿದೆ. ಐದು ನಿಮಿಷಕ್ಕೆ ಸಿಕ್ಕಿಬಿತ್ತು. "ರೀ, ಇದ್ಯಾವ ಆಂಟಿದು? ಯಾವಾಗ ಕೊಟ್ಟೋದ್ರು?" ಎಂದಳು. ನಾನು ಮೌಸಿನ ಬಾಣವನ್ನು ಸರಿಸಿ ಪರದೆಯ ಕೆಳಗಡೆಯ ನಡುಮನೆಯ ಮೇಲೆ ನಿಲ್ಲಿಸಿದೆ. ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದಳು, ಅಂಚು ತಿರುವಿದಳು, ಮತ್ತೆ ಮಡಿಸಿದಳು.

"ಈ ಹಸಿರು ನನ್ ಹತ್ರ ಮೂರಿದೆ" ಎಂದಳು. ಆಮೇಲೆ, "ಅದ್ರಲ್ಲಿರೋ ಅಳತೆ ಹಳೇದು, ಈಗ ಸರಿಹೋಗಲ್ಲ. ನಂಗೆ ನಾನೇ ಬೆನ್ನು ಅಳೆಯೋಕಾಗಲ್ಲ, ಬನ್ನಿ ಇಲ್ಲಿ" ಎಂದು ಕೊರಳಿನ ಟೇಪು ತೆಗೆದು ನನ್ನ ಕೈಗಿತ್ತಳು. ನಾನು ಆ ಭುಜದಿಂದ ಈ ಭುಜಕ್ಕೆ ಹಿಡಿದೆ. "ಬಿಗಿ ಬೇಡ, ಸೈಟ್ ಅಳೀತಿಲ್ಲ ನೀವು" ಎಂದಳು. ಸಡಿಲಿಸಿದೆ. ಹಳೆಯ ಅಂಕಿಗಿಂತ ಅರ್ಧ ಇಂಚು ಕಡಿಮೆ ಬಂತು. ಎರಡನೆಯ ಸಲ ಹಿಡಿದೆ, ಅಷ್ಟೇ ಬಂತು.

"ಎಷ್ಟಾಯ್ತು ಗಂಟೆ? ಆರಕ್ಕೆ ಟೀಚರ್ ಆಂಟಿ ಬರ್ತಾರೆ" ಎಂದಳು. ನಾನು ಟೇಪು ಬಿಡದೆ ಪರದೆಯ ಕಡೆ ಕತ್ತು ಹೊರಳಿಸಿದೆ. ಹೊಸ ಪರದೆಯಲ್ಲಿ ನಾನು ಇದ್ದದ್ದು ಅರ್ಧ ದಿನ ಮಾ‍ತ್ರ, ಆದರೂ ಹಾಳು ಕಣ್ಣು ಮೇಲೆ, ನಟ್ಟನಡುವೆ ಹೋಗಿ ನಿಂತಿತು. ಅಲ್ಲಿ ಏನೂ ಇರಲಿಲ್ಲ.

"ಮೇಲೇನ್ ನೋಡ್ತೀರಿ" ಎಂದಳು ಸುಮಂಗಲಾ, ನನಗೆ ಬೆನ್ನು ಮಾಡಿ ನಿಂತವಳು, ತಿರುಗಿಯೂ ನೋಡದೆ. "ಗಡಿಯಾರ ಕೆಳಗಿದೆ."